ಬಾವಿಯ ನೀರೂ ಹೃದಯದ ಮಿಡಿತವೂ

ಕುಣಿಗಲು ತಾಲ್ಲೂಕಿನ ಹುತ್ರಿದುರ್ಗವು ಸಮುದ್ರಮಟ್ಟದಿಂದ ಸುಮಾರು 3,700 ಅಡಿ ಎತ್ತರವಾಗಿ ನಿಂತಿರುವ ಕಲ್ಲುಬೆಟ್ಟ. ಮಾಗಡಿಯ ಕೆಂಪೇಗೌಡರ ಹೆಸರಿನೊಡನೆ ಸೇರಿರುವ ನವದುರ್ಗಗಳಲ್ಲಿ ಇದೂ ಒಂದೆಂಬುದು ಪ್ರಸಿದ್ಧವಾದ ಮಾತು. 1791ನೆಯ ಇಸವಿ ಡಿಸೆಂಬರ್ 21ರಂದು ಸಾವನದುರ್ಗವು ಕಾರ್ನ್‌ವಾಲಿಸನ ಸೈನ್ಯಕ್ಕೆ ವಶವಾಯಿತು. ಅದಾದ ಮೂರನೆಯ ದಿನ, 24ರಂದು, ಹುತ್ರಿದುರ್ಗವೂ ಬಿದ್ದಿತು. ಇಷ್ಟು ಸಂಗತಿ ಯುದ್ಧಗಳ ಚರಿತ್ರೆಯಲ್ಲಿ ದೊರೆಯುತ್ತದೆ. ಆದರೆ ಪ್ರತಿಯೊಂದು ಗಿರಿದುರ್ಗಕ್ಕೂ ಯುದ್ಧದ ಚರಿತ್ರೆಯಷ್ಟೇ ಮುಖ್ಯವಾದ ನೀರಿನ ಚರಿತ್ರೆಯೊಂದುಂಟು. ದುರ್ಗಗಳ ನೆತ್ತಿಯ ಮೇಲೆ ಇರುವವರಿಗೆ ಬಂಡೆಯ ದೊಣೆಗಳಲ್ಲಿ ನಿಂತ ಮಳೆಯ ನೀರೇ ಆಧಾರ. ಬುಡದ ಊರುಗಳವರಿಗೆ ನೆಲವನ್ನು ತೋಡಿ ಕಂಡ ಬಾವಿಯ ನೀರು. ಈ ಎರಡು ನೀರುಗಳ ಗುಣಭೇದವು ನಮ್ಮ ಮನೆಯ ಹೆಂಗಸರಿಗೆ ಯಾವ ಶಾಸ್ತ್ರದ ಸಹಾಯವೂ ಇಲ್ಲದೆ ತಿಳಿದಿದೆ. ಮಳೆಯ ನೀರಿನಲ್ಲಿ ಬೇಳೆ ಬೇಗನೆ ಬೇಯುತ್ತದೆ, ಸಾಬೂನು ನೊರೆಗಟ್ಟುತ್ತದೆ. ಬಾವಿಯ ಗಡಸು ನೀರಿನಲ್ಲಿ ಬೇಳೆ ಹಟಮಾಡುತ್ತದೆ. ಸ್ನಾನದ ಹಂಡೆಯ ಒಳಮೈಗೆ ಕೆಲವು ತಿಂಗಳುಗಳಲ್ಲಿಯೇ ಬಿಳಿಯ ಹಕ್ಕಳೆ ಕಟ್ಟುತ್ತದೆ.

ಆ ಬಿಳಿಯ ಹಕ್ಕಳೆಯು ಬಹುಮಟ್ಟಿಗೆ ಸುಣ್ಣವೇ ಆಗಿರುತ್ತದೆ. ಮಳೆಯ ನೀರು ನೆಲದೊಳಗೆ ಇಳಿಯುವಾಗ ಮಣ್ಣಿನಲ್ಲಿರುವ ಇಂಗಾಲಾಮ್ಲ ವಾಯುವನ್ನು ಹೀರಿಕೊಂಡು, ಕಲ್ಲಿನಲ್ಲಿ ಅಡಗಿರುವ ಸುಣ್ಣದಂಶವನ್ನು ಮೆಲ್ಲಮೆಲ್ಲನೆ ಕರಗಿಸಿ ತರುತ್ತದೆ. ಆದಕಾರಣವೇ ಬಾವಿಯ ನೀರು ಗಡುಸು, ದೊಣೆಯ ನೀರು ಮೆದು. ಅಡಿಗೆಯ ಮನೆಯಲ್ಲಿ ಒಂದು ತೊಂದರೆಯೆಂದು ಮಾತ್ರ ನಾವು ಎಣಿಸುವ ಈ ಭೇದವು, ಒಂದು ಕಪ್ಪೆಯ ಹೃದಯವು ಮಿಡಿಯುವುದಕ್ಕೂ ನಿಲ್ಲುವುದಕ್ಕೂ ಕಾರಣವಾಯಿತೆಂದೂ, ಅದರಿಂದ ವೈದ್ಯಶಾಸ್ತ್ರದಲ್ಲಿ ಒಂದು ಹೊಸ ಅಧ್ಯಾಯವೇ ತೆರೆಯಿತೆಂದೂ ಹೇಳಿದರೆ ವಾಚಕರಿಗೆ ಆಶ್ಚರ್ಯವಾಗಬಹುದು. ಆ ಚರಿತ್ರೆಯನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸಲು ಯತ್ನಿಸುವೆವು.

ಸುಣ್ಣವು ನಮಗೆ ಹೊಸ ಪದಾರ್ಥವಲ್ಲ. ಸುಣ್ಣದ ಕಲ್ಲನ್ನು ಗೂಡಿನಲ್ಲಿ ಸುಟ್ಟು, ನೀರು ಹೊಯ್ದು ಅರಳಿಸಿ, ಮರಳಿನೊಡನೆ ಅರೆದು ಗಾರೆಮಾಡಿ ನಮ್ಮ ಹಿರಿಯರು ಮನೆ, ಮಂಟಪ, ಕೆರೆಯ ತೂಬುಗಳನ್ನು ಕಟ್ಟಿದರು. ತಾಂಬೂಲದ ತಟ್ಟೆಯಲ್ಲಿ ಸುಣ್ಣದ ಕರಡಿಗೆಗೆ ನಿಯತವಾದ ಸ್ಥಾನವಿದೆ. ಆದರೆ ಸುಣ್ಣದೊಳಗೆ ಒಂದು ಲೋಹವು ಅಡಗಿದೆಯೆಂಬುದು ಬಹುಕಾಲದವರೆಗೆ ಯಾರಿಗೂ ತಿಳಿದಿರಲಿಲ್ಲ. 1808ರಲ್ಲಿ ಇಂಗ್ಲೆಂಡಿನ ರಸಾಯನ ಪಂಡಿತನಾದ ಹಂಫ್ರಿ ಡೇವಿಯು ವಿದ್ಯುತ್ಪ್ರವಾಹದ ಬಲದಿಂದ ಸುಣ್ಣವನ್ನು ವಿಭಜಿಸಿ ಆ ಲೋಹವನ್ನು ಬೇರ್ಪಡಿಸಿದನು. ಲ್ಯಾಟಿನ್ ಭಾಷೆಯಲ್ಲಿ ಸುಣ್ಣಕ್ಕೆ ‘ಕ್ಯಾಲ್ಕ್ಸ್’ ಎಂದು ಹೆಸರಿರುವುದರಿಂದ ಲೋಹಕ್ಕೆ ಕ್ಯಾಲ್ಸಿಯಂ ಎಂಬ ನಾಮಕರಣವಾಯಿತು. ಈ ಲೋಹದ ಲವಣಗಳು ನೀರಿನಲ್ಲಿ ಕರಗಿದಾಗ ಅದರ ಪರಮಾಣುಗಳು ಬಿಡಿಬಿಡಿಯಾಗಿ, ಒಂದೊಂದೂ ಎರಡು ಧನವಿದ್ಯುದಂಶಗಳನ್ನು ಹೊತ್ತು ಸಂಚರಿಸುತ್ತವೆ. ಹೀಗೆ ವಿದ್ಯುತ್ತನ್ನು ಹೊತ್ತ ಕಣಗಳಿಗೆ ಅಯಾನುಗಳೆಂದು ಹೆಸರು. ನಮ್ಮ ರಕ್ತದಲ್ಲಿಯೂ ನರಗಳ ಸುತ್ತಲಿನ ದ್ರವದಲ್ಲಿಯೂ ಕೆಲಸಮಾಡುವುದು ಕ್ಯಾಲ್ಸಿಯಮ್ಮಿನ ಈ ಅಯಾನುರೂಪವೇ.

ಇನ್ನು ಕಪ್ಪೆಯ ಹೃದಯದ ಕಥೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಸಿಡ್ನಿ ರಿಂಗರ್ ಎಂಬ ವೈದ್ಯನಿದ್ದನು. ಹಗಲು ರೋಗಿಗಳ ಶುಶ್ರೂಷೆಯಲ್ಲಿ ತೊಡಗಿದ್ದ ಆತನು ಬಿಡುವಾದಾಗಲೆಲ್ಲ ಪ್ರಯೋಗಶಾಲೆಗೆ ಬಂದು, ಕಪ್ಪೆಯ ಹೃದಯವನ್ನು ಹೊರತೆಗೆದು ಉಪ್ಪುನೀರಿನಲ್ಲಿಟ್ಟು, ಯಾವ ಯಾವ ಲವಣಗಳಿದ್ದರೆ ಅದು ಎಷ್ಟು ಹೊತ್ತು ಮಿಡಿಯುವುದೆಂದು ಪರೀಕ್ಷಿಸುತ್ತಿದ್ದನು. 1882ರಲ್ಲಿ ತನ್ನ ಫಲಿತಾಂಶಗಳನ್ನು ಪ್ರಕಟಿಸಿದನು. ಆದರೆ ಅನಂತರ ಅವನಿಗೆ ಒಂದು ವಿಷಯವು ಗೊತ್ತಾಯಿತು: ಉಪ್ಪುನೀರನ್ನು ತಯಾರಿಸುವುದಕ್ಕೆ ಭಟ್ಟಿಯಿಳಿಸಿದ ಶುದ್ಧಜಲವನ್ನು ಬಳಸಿರಲಿಲ್ಲ, ನ್ಯೂ ರಿವರ್ ಕಂಪೆನಿಯವರ ನಲ್ಲಿಯ ನೀರನ್ನು ಬಳಸಲಾಗಿತ್ತು. ಈ ನೀರು 1613ರಲ್ಲಿ ತೋಡಿದ ಕಾಲುವೆಯ ಮೂಲಕ ಹರ್ಟ್‌ಫರ್ಡ್ ಪ್ರಾಂತದ ಸೀಮೆಸುಣ್ಣದ ನೆಲದ ಬುಗ್ಗೆಗಳಿಂದ ಲಂಡನ್ನಿಗೆ ಬರುತ್ತಿದ್ದುದು. ಅದರ ಹತ್ತು ಲಕ್ಷ ಭಾಗಗಳಲ್ಲಿ ಸುಮಾರು 38 ಭಾಗ ಕ್ಯಾಲ್ಸಿಯಂ ಇದ್ದಿತು.

ರಿಂಗರನು ಈ ಸಂಗತಿಯನ್ನು ಮುಚ್ಚಿಡಲಿಲ್ಲ. ಶುದ್ಧಜಲದಲ್ಲಿ ಉಪ್ಪು ಕರಗಿಸಿ ಪ್ರಯೋಗವನ್ನು ಮೊದಲಿನಿಂದ ಮಾಡಿದನು. ಈ ಸಲ ಹೃದಯವು ಬರಬರುತ್ತ ನಿಶ್ಶಕ್ತವಾಗಿ ಸುಮಾರು ಇಪ್ಪತ್ತು ನಿಮಿಷಗಳಲ್ಲಿ ನಿಂತುಹೋಯಿತು. ಅದಕ್ಕೆ ಅತ್ಯಲ್ಪ ಪ್ರಮಾಣದಲ್ಲಿ ಸುಣ್ಣದ ಲವಣವನ್ನು ಸೇರಿಸಲು ಮಿಡಿತವು ಮರಳಿ ಬಂದಿತು. ಸುಣ್ಣವನ್ನು ಅತಿಯಾಗಿ ಸೇರಿಸಿದರೆ ಹೃದಯವು ಬಿಗಿದುಕೊಂಡು ಸಡಿಲಲಾರದೆ ಹೋಗುತ್ತಿದ್ದಿತು. ಪೊಟ್ಯಾಸಿಯಮ್ಮಿನ ಲವಣವನ್ನು ತಕ್ಕಷ್ಟು ಕೂಡಿಸಿದರೆ ಆ ಬಿಗಿತವು ಸಮತೋಲಕ್ಕೆ ಬರುತ್ತಿದ್ದಿತು. 1883ರಲ್ಲಿ ರಿಂಗರನು ಹಿಂದಿನ ಲೇಖನದ ದೋಷವನ್ನು ಸ್ಪಷ್ಟವಾಗಿ ಹೇಳಿ, ಈ ಹೊಸ ಫಲಿತಾಂಶಗಳನ್ನು ಅದೇ ಪತ್ರಿಕೆಯಲ್ಲಿ ಪ್ರಕಟಿಸಿದನು. ನಲ್ಲಿಯ ನೀರಿನಲ್ಲಿ ಬಹುದಿನ ಬದುಕುವ ಸಣ್ಣ ಮೀನುಗಳು ಭಟ್ಟಿಯಿಳಿಸಿದ ನೀರಿನಲ್ಲಿ ಕೆಲವೇ ಗಂಟೆಗಳಲ್ಲಿ ಸಾಯುವುದನ್ನೂ ಆತನು ಕಂಡನು. ಶುದ್ಧವಾದುದೆಲ್ಲ ಜೀವಕ್ಕೆ ಹಿತವೆಂಬ ಭಾವನೆಯು ಇಲ್ಲಿ ಸುಳ್ಳಾಯಿತು. ಜೀವಕ್ಕೆ ಬೇಕಾದುದು ಶುದ್ಧಜಲವಲ್ಲ, ಹದವಾದ ಜಲ.

ಈ ಶೋಧನದ ಫಲವು ಇಂದು ಪ್ರತಿಯೊಂದು ತಾಲ್ಲೂಕು ಆಸ್ಪತ್ರೆಯಲ್ಲಿಯೂ ಕಾಣಸಿಗುತ್ತದೆ. ಅಮೆರಿಕದ ಮಕ್ಕಳ ವೈದ್ಯನಾದ ಅಲೆಕ್ಸಿಸ್ ಹಾರ್ಟ್‌ಮನ್ನನು 1932ರಲ್ಲಿ ರಿಂಗರನ ದ್ರವಕ್ಕೆ ಲ್ಯಾಕ್ಟೇಟ್ ಎಂಬ ಲವಣವನ್ನು ಸೇರಿಸಿ, ಭೇದಿಯಿಂದ ಬಳಲಿದ ಮಕ್ಕಳಿಗೆ ಕೊಟ್ಟನು. ರಕ್ತಸ್ರಾವವಾದ ಬಾಣಂತಿಗೂ, ವಾಂತಿಭೇದಿಯಿಂದ ಕೃಶನಾದ ರೋಗಿಗೂ ವೈದ್ಯರು ತೂಗುಹಾಕುವ ‘ರಿಂಗರ್ ಲ್ಯಾಕ್ಟೇಟ್’ ಎಂಬ ಸೀಸೆಯಲ್ಲಿ, ಲಂಡನ್ನಿನ ಆ ನಲ್ಲಿಯ ನೀರು ಕಲಿಸಿದ ಪಾಠವೇ ತುಂಬಿದೆ.

ಹೃದಯದಿಂದ ನರಗಳ ಕಡೆಗೆ ಬರೋಣ. ನರತಂತುವು ಸ್ನಾಯುವಿಗೆ ಆಜ್ಞೆಯನ್ನು ಒಯ್ಯುವ ದೂತ. ಆದರೆ ನರದ ತುದಿಯು ಸ್ನಾಯುವಿಗೆ ಅಂಟಿಕೊಂಡಿರುವುದಿಲ್ಲ. ನಡುವೆ ಅತಿ ಸೂಕ್ಷ್ಮವಾದ ಒಂದು ಸಂದು ಇರುತ್ತದೆ. 1894ರಲ್ಲಿ ಎಫ್. ಎಸ್. ಲಾಕ್ ಎಂಬಾತನು, ಬರಿಯ ಉಪ್ಪುನೀರಿನಲ್ಲಿಟ್ಟ ಕಪ್ಪೆಯ ನರವನ್ನು ಕೆರಳಿಸಿದರೆ ಸ್ನಾಯುವು ಅಲುಗದೆಂದೂ, ಸುಣ್ಣದ ಲವಣವನ್ನು ಸೇರಿಸಿದೊಡನೆ ಆಜ್ಞೆಯು ಮತ್ತೆ ಮುಟ್ಟುವುದೆಂದೂ ತೋರಿಸಿದನು. ದೂತನು ನದಿಯ ದಡದವರೆಗೆ ಬಂದರೂ ಹರಿಗೋಲಿಲ್ಲದೆ ಆಚೆಗೆ ದಾಟಲಾರದಂತೆ ಆಗಿತ್ತು. ಆ ಹರಿಗೋಲನ್ನು ಹೊರಡಿಸುವ ಅಧಿಕಾರವು ಕ್ಯಾಲ್ಸಿಯಮ್ಮಿಗಿದೆಯೆಂದು ಇದರಿಂದ ಊಹಿಸಬಹುದಾಗಿತ್ತು. ಅದು ಹೇಗೆಂಬುದು ಮಾತ್ರ ತಿಳಿಯಲು ಮತ್ತೆ ಎಪ್ಪತ್ತು ವರ್ಷಗಳು ಹಿಡಿದವು.

ಅದನ್ನು ತಿಳಿಸಿದವರಲ್ಲಿ ಅಗ್ರಗಣ್ಯನು ಬರ್ನಾರ್ಡ್ ಕಾಟ್ಜ್. 1911ರಲ್ಲಿ ಜರ್ಮನಿಯ ಲೈಪ್ಜಿಗ್ ನಗರದಲ್ಲಿ ಯಹೂದ್ಯರ ಮನೆಯಲ್ಲಿ ಹುಟ್ಟಿದ ಈತನು ಹಿಟ್ಲರನ ಆಳ್ವಿಕೆಯ ಕಾಲದಲ್ಲಿ, 1935ರಲ್ಲಿ, ದೇಶವನ್ನು ಬಿಟ್ಟು ಲಂಡನ್ನಿಗೆ ಬಂದನು. ರಿಂಗರನು ದುಡಿದ ಯೂನಿವರ್ಸಿಟಿ ಕಾಲೇಜೇ ಈತನಿಗೂ ಆಶ್ರಯಸ್ಥಾನವಾಯಿತು. ನರದ ತುದಿಯಲ್ಲಿ ಅಸಿಟೈಲ್ ಕೋಲೀನ್ ಎಂಬ ರಸವು ಸಣ್ಣ ಸಣ್ಣ ಚೀಲಗಳಲ್ಲಿ ತುಂಬಿರುವುದೆಂದೂ, ಅದು ಹನಿಹನಿಯಾಗಿಯಲ್ಲದೆ ಚೀಲಚೀಲವಾಗಿಯೇ ಹೊರಬೀಳುವುದೆಂದೂ ಕಾಟ್ಜನೂ ಅವನ ಸಹೋದ್ಯೋಗಿಗಳೂ 1950ರ ದಶಕದಲ್ಲಿ ಸಾಧಿಸಿದರು. ಮೆಕ್ಸಿಕೋ ದೇಶದ ರಿಕಾರ್ಡೋ ಮಿಲೇದಿಯೊಡನೆ ಕೂಡಿ 1960ರ ದಶಕದಲ್ಲಿ ಅವನು ನಡೆಸಿದ ಪ್ರಯೋಗಗಳಿಂದ ಉಳಿದ ಸಂಗತಿಯೂ ಹೊರಬಿದ್ದಿತು. ನರದ ಮೂಲಕ ವಿದ್ಯುತ್ತರಂಗವು ಬಂದು ತುದಿಯನ್ನು ಮುಟ್ಟಿದಾಗ ಅಲ್ಲಿನ ಪೊರೆಯಲ್ಲಿ ಸೂಕ್ಷ್ಮವಾದ ದ್ವಾರಗಳು ತೆರೆಯುತ್ತವೆ. ಹೊರಗಿನ ಕ್ಯಾಲ್ಸಿಯಂ ಅಯಾನುಗಳು ಒಳನುಗ್ಗುತ್ತವೆ. ಅವು ಒಳಹೊಕ್ಕು ಒಂದು ಸೆಕೆಂಡಿನ ಸಾವಿರದಲ್ಲೊಂದು ಪಾಲು ಕಳೆಯುವುದರೊಳಗಾಗಿ ಚೀಲಗಳು ಪೊರೆಗೆ ಕೂಡಿಕೊಂಡು ತಮ್ಮ ರಸವನ್ನು ಸಂದಿಗೆ ಸುರಿಯುತ್ತವೆ. 1967ರಲ್ಲಿ ಡಾಜ್ ಮತ್ತು ರಹಮಿಮಾಫ್ ಎಂಬವರು, ಸುಣ್ಣವು ಕಡಮೆಯಿರುವ ದ್ರವದಲ್ಲಿ ಅದನ್ನು ಇಮ್ಮಡಿಸಿದರೆ ಹೊರಬೀಳುವ ರಸವು ಸುಮಾರು ಹದಿನಾರು ಮಡಿಯಾಗುವುದೆಂದು ಅಳೆದು ತೋರಿಸಿದರು. ನಾಲ್ಕು ಅಯಾನುಗಳು ಕೈಗೂಡಿದಲ್ಲದೆ ಬೀಗವು ತೆರೆಯದೆಂಬುದು ಅದರ ತಾತ್ಪರ್ಯ. ಕಾಟ್ಜನಿಗೆ 1970ರಲ್ಲಿ ನೊಬೆಲ್ ಬಹುಮಾನವು ದೊರೆಯಿತು. ಕ್ಯಾಲ್ಸಿಯಮ್ಮನ್ನು ಗುರುತಿಸಿ ಚೀಲವನ್ನು ಬಿಚ್ಚಿಸುವ ಸಸಾರಜನಕ ದ್ರವ್ಯವನ್ನು ವಿವರಿಸಿದುದಕ್ಕಾಗಿ ಥಾಮಸ್ ಸ್ಯೂಡಾಫ್‌ ಅವರು 2013ರಲ್ಲಿ ಅದೇ ಬಹುಮಾನದಲ್ಲಿ ಪಾಲ್ಗೊಂಡರು.

ಇಲ್ಲಿ ಒಂದು ಪ್ರಶ್ನೆಯು ಸಹಜವಾಗಿ ಏಳುತ್ತದೆ. ಇಷ್ಟು ದೊಡ್ಡ ಕಾರ್ಯವನ್ನು ಇಷ್ಟು ಸ್ವಲ್ಪ ಪದಾರ್ಥವು ಹೇಗೆ ಮಾಡಬಲ್ಲುದು? ಕೋಟೆಯ ದೃಷ್ಟಾಂತದಿಂದ ಇದನ್ನು ತಿಳಿಯಬಹುದು. ಜೀವಕಣದ ಹೊರಗಿನ ದ್ರವದಲ್ಲಿ ಕ್ಯಾಲ್ಸಿಯಂ ಅಯಾನುಗಳು ಎಷ್ಟಿರುತ್ತವೆಯೋ ಅದರ ಹತ್ತು ಸಾವಿರದಲ್ಲೊಂದು ಪಾಲು ಮಾತ್ರ ಒಳಗೆ ಇರುತ್ತವೆ. ಒಳಹೊಕ್ಕವುಗಳನ್ನು ಜೀವಕಣವು ತನ್ನ ಶಕ್ತಿಯನ್ನು ವೆಚ್ಚಮಾಡಿ ಎಡೆಬಿಡದೆ ಹೊರಗೆ ತಳ್ಳುತ್ತಲೇ ಇರುತ್ತದೆ. ಹೀಗೆ ತಳ್ಳದಿದ್ದರೆ ಒಳಗಿರುವ ಫಾಸ್ಫೇಟ್ ಲವಣಗಳೊಡನೆ ಸುಣ್ಣವು ಕೂಡಿ ಗರಣೆಗಟ್ಟುವುದು. ಜನಸಂದಣಿಯ ಪೇಟೆಯಲ್ಲಿ ನಾಲ್ಕು ಮಂದಿ ಹೆಚ್ಚಾಗಿ ಬಂದರೆ ಯಾರೂ ಗಮನಿಸುವುದಿಲ್ಲ. ಬಾಗಿಲು ಮುಚ್ಚಿದ ನಿರ್ಜನವಾದ ಕೋಟೆಯೊಳಗೆ ನಾಲ್ಕು ಮಂದಿ ನುಗ್ಗಿದರೆ ಬುರುಜಿನ ಕಾವಲುಗಾರರೆಲ್ಲ ಎಚ್ಚರಗೊಳ್ಳುವರು. ಒಳಗೆ ವಿರಳವಾಗಿರುವುದರಿಂದಲೇ ಕ್ಯಾಲ್ಸಿಯಮ್ಮಿನ ಆಗಮನವು ಸಂಕೇತವಾಗುತ್ತದೆ. ಸ್ನಾಯುವಿನ ಸಂಕೋಚಕ್ಕೂ ಇದೇ ಸಂಕೇತವೆಂದು 1947ರಲ್ಲಿ ಹೈಲ್‌ಬ್ರನ್ ಮತ್ತು ವಿಯರ್ಸಿನ್ಸ್ಕಿ ಎಂಬವರು ಸ್ನಾಯುತಂತುವಿನೊಳಕ್ಕೆ ನಾನಾ ಲವಣಗಳನ್ನು ಚುಚ್ಚಿ ನೋಡಿ ತೋರಿಸಿದರು. ಆ ಸಂಕೇತವನ್ನು ಗ್ರಹಿಸುವ ದ್ರವ್ಯವನ್ನು 1960ರ ದಶಕದಲ್ಲಿ ಕಂಡುಹಿಡಿದವರು ಜಪಾನಿನ ಸೆತ್ಸುರೋ ಎಬಾಷಿ.

ದೇಹದಲ್ಲಿರುವ ಒಟ್ಟು ಕ್ಯಾಲ್ಸಿಯಂ ವಯಸ್ಕರಲ್ಲಿ ಸುಮಾರು ಒಂದು ಕಿಲೋಗ್ರಾಂ. ಇದರಲ್ಲಿ ನೂರಕ್ಕೆ 99 ಪಾಲು ಎಲುಬು ಮತ್ತು ಹಲ್ಲುಗಳಲ್ಲಿದೆ. ಎಲುಬು ದೇಹದ ಕಂಬವಷ್ಟೇ ಅಲ್ಲ, ಉಗ್ರಾಣವೂ ಅಹುದು. ರಕ್ತರಸದ 100 ಮಿಲಿಲೀಟರಿನಲ್ಲಿ 9ರಿಂದ 10 ಮಿಲಿಗ್ರಾಂ ಮಾತ್ರ ಇರುತ್ತದೆ. ಅದರಲ್ಲಿಯೂ ಸುಮಾರು ಅರ್ಧವು ಮಾತ್ರ ಸ್ವತಂತ್ರವಾದ ಅಯಾನುರೂಪದಲ್ಲಿರುತ್ತದೆ. ಈ ಅಳತೆಯನ್ನು ಕಾಯುವ ಕೆಲಸವು ಕೊರಳಿನಲ್ಲಿ ಗುರಾಣಿಕ ಗ್ರಂಥಿಯ ಹಿಂದೆ ಅಡಗಿರುವ, ಗೋಧಿಯ ಕಾಳಿನಷ್ಟು ಚಿಕ್ಕವಾದ ನಾಲ್ಕು ಉಪಗ್ರಂಥಿಗಳದು. ಇವನ್ನು ಸ್ವೀಡನ್ನಿನ ಈವಾರ್ ಸ್ಯಾಂಡ್‌ಸ್ಟ್ರಾಮ್ 1880ರಲ್ಲಿ ವರ್ಣಿಸಿದನು. ಗಳಗಂಡದ ಶಸ್ತ್ರಚಿಕಿತ್ಸೆಯಲ್ಲಿ ಇವು ನಷ್ಟವಾದ ರೋಗಿಗಳ ಕೈಕಾಲುಗಳು ಸೆಟೆದುಕೊಂಡು ಸೆಳವು ಬರುತ್ತಿದ್ದಿತು. 1909ರಲ್ಲಿ ಅಮೆರಿಕದ ಮಕ್ಯಾಲಂ ಮತ್ತು ವೋಗ್ಟ್ಲಿನ್ ಎಂಬವರು, ಇಂಥ ಸೆಳವಿನಲ್ಲಿ ರಕ್ತದ ಸುಣ್ಣದಂಶವು ಕುಗ್ಗಿರುವುದನ್ನೂ, ಸುಣ್ಣದ ಲವಣವನ್ನು ರಕ್ತಕ್ಕೆ ಕೊಟ್ಟರೆ ಸೆಳವು ಅಡಗುವುದನ್ನೂ ತೋರಿಸಿದರು.

ವಿಚಾರಶೀಲರಾದ ವಾಚಕರು ಇಲ್ಲಿ ತಡೆದು ಕೇಳಬಹುದು: ಸುಣ್ಣವಿಲ್ಲದೆ ನರದ ಆಜ್ಞೆಯೇ ದಾಟುವುದಿಲ್ಲವೆಂದ ಮೇಲೆ, ಸುಣ್ಣವು ಕುಗ್ಗಿದಾಗ ಸ್ನಾಯುಗಳು ಸಡಿಲಬೇಕಲ್ಲದೆ ಸೆಟೆಯುವುದೇಕೆ? ಕ್ಯಾಲ್ಸಿಯಮ್ಮಿಗೆ ಎರಡು ಉದ್ಯೋಗಗಳಿರುವುದೇ ಇದಕ್ಕೆ ಸಮಾಧಾನ. ನರದ ತುದಿಯೊಳಗೆ ನುಗ್ಗಿ ಆಜ್ಞೆಯನ್ನು ದಾಟಿಸುವುದು ಒಂದು. ನರದ ಹೊರಮೈಯಲ್ಲಿ ನಿಂತು, ಅದು ಸುಮ್ಮನೆ ಕೆರಳದಂತೆ ತಡೆಯುವುದು ಇನ್ನೊಂದು. ಈ ಎರಡನೆಯ ಕಾರ್ಯವನ್ನು 1957ರಲ್ಲಿ ಫ್ರಾಂಕೆನ್‌ಹಾಯಿಸರ್ ಮತ್ತು ಹಾಡ್ಜ್‌ಕಿನ್ ಎಂಬವರು ಅಳೆದು ತೋರಿಸಿದರು. ಮನುಷ್ಯರಲ್ಲಿ ಸುಣ್ಣವು ಕುಗ್ಗಿದಾಗ ಮೊದಲು ಸಡಿಲವಾಗುವುದು ಈ ತಡೆ. ಆಜ್ಞೆಯನ್ನು ದಾಟಿಸಲು ಬೇಕಾದಷ್ಟು ಕ್ಯಾಲ್ಸಿಯಂ ಇನ್ನೂ ಉಳಿದಿರುತ್ತದೆ. ಆದಕಾರಣ ನರಗಳು ಕಾರಣವಿಲ್ಲದೆ ಆಜ್ಞೆಗಳನ್ನು ಕಳುಹಿಸುತ್ತ ಸ್ನಾಯುಗಳನ್ನು ಸೆಟೆಸುತ್ತವೆ. ಹಸುವಿನಲ್ಲಾದರೋ ದಾಟಿಸುವ ಕೆಲಸವೇ ಬೇಗನೆ ಸೋಲುತ್ತದೆ; ಮೊದಲು ಸ್ವಲ್ಪ ನಡುಕ ಕಂಡರೂ ಬಳಿಕ ಮೈಯೆಲ್ಲ ಸಡಿಲಾಗಿ ಅದು ನೆಲಹಿಡಿಯುತ್ತದೆ.

ಇದು ನಮ್ಮ ಜಿಲ್ಲೆಯ ರೈತರು ಅವಶ್ಯವಾಗಿ ತಿಳಿಯತಕ್ಕ ವಿಷಯ. 1970ರ ದಶಕದಿಂದೀಚೆಗೆ ಹಾಲಿನ ಸಹಕಾರಸಂಘಗಳೂ ಹೆಚ್ಚು ಹಾಲು ಕರೆಯುವ ಮಿಶ್ರತಳಿಯ ಹಸುಗಳೂ ಹಳ್ಳಿಗಳಲ್ಲಿ ಹಬ್ಬಿದಂತೆ ‘ಹಾಲುಜ್ವರ’ವೆಂಬ ವ್ಯಾಧಿಯೂ ಪರಿಚಿತವಾಯಿತು. ಹೆಸರು ಜ್ವರವಾದರೂ ಮೈ ಬಿಸಿಯಾಗುವುದಿಲ್ಲ; ಕಿವಿ ಕಾಲುಗಳು ತಣ್ಣಗಾಗುತ್ತವೆ. ಕರುಹಾಕಿದ ಎರಡು ಮೂರು ದಿನಗಳೊಳಗೆ, ಚೆನ್ನಾಗಿದ್ದ ಹಸು ತೂರಾಡಿ ಬಿದ್ದು, ಕತ್ತನ್ನು ಪಕ್ಕೆಯ ಕಡೆಗೆ ತಿರುಗಿಸಿಕೊಂಡು ಏಳಲಾರದೆ ಮಲಗುತ್ತದೆ. ಕಾರಣವು ಗಿಣ್ಣುಹಾಲಿನಲ್ಲಿದೆ. ಹತ್ತು ಲೀಟರ್ ಗಿಣ್ಣುಹಾಲಿನೊಡನೆ ಸುಮಾರು 23 ಗ್ರಾಂ ಕ್ಯಾಲ್ಸಿಯಂ ಹೊರಟುಹೋಗುತ್ತದೆ. ಹಸುವಿನ ಸಮಸ್ತ ರಕ್ತರಸದಲ್ಲಿ ಇರುವುದು ಮೂರು ಗ್ರಾಮಿನಷ್ಟು ಮಾತ್ರ. ಎಲುಬಿನ ಉಗ್ರಾಣವು ಆ ಕ್ಷಣದಲ್ಲಿ ತೆರೆಯದಿದ್ದರೆ ಹಸು ಬೀಳಲೇಬೇಕು. 1897ರಲ್ಲಿ ಡೆನ್ಮಾರ್ಕಿನ ಪಶುವೈದ್ಯನಾದ ಶ್ಮಿಟ್ ಎಂಬಾತನು ಕೆಚ್ಚಲಿಗೆ ಔಷಧದ್ರವವನ್ನು ತುಂಬಿ ಬಹು ಹಸುಗಳನ್ನು ಉಳಿಸಿದನು. ಅನಂತರ ಬರಿಯ ಗಾಳಿಯನ್ನು ತುಂಬಿದರೂ ಸಾಕೆಂದು ಕಂಡುಬಂದಿತು. ಕೆಚ್ಚಲು ಬಿಗಿದಾಗ ಹಾಲು ಇಳಿಯುವುದು ನಿಂತು ರಕ್ತದ ಸುಣ್ಣವು ರಕ್ತದಲ್ಲಿಯೇ ಉಳಿಯುತ್ತಿದ್ದುದು ಇದರ ರಹಸ್ಯ. 1925ರಲ್ಲಿ ಎಡಿನ್‌ಬರೋ ನಗರದ ಡ್ರೈಯರ್ ಮತ್ತು ಗ್ರೇಗ್ ಎಂಬವರು ವ್ಯಾಧಿಯ ಮೂಲವು ರಕ್ತದ ಸುಣ್ಣದ ಕೊರತೆಯೆಂದು ಪ್ರತಿಪಾದಿಸಿದ ಮೇಲೆ ಗಾಳಿಯ ಸ್ಥಾನದಲ್ಲಿ ಕ್ಯಾಲ್ಸಿಯಂ ಬೋರೋಗ್ಲೂಕೋನೇಟ್ ಎಂಬ ಲವಣದ ಸೂಜಿಮದ್ದು ಬಂದಿತು. ಸತ್ತಂತೆ ಬಿದ್ದ ಹಸು ಅನೇಕವೇಳೆ ಸ್ವಲ್ಪ ಹೊತ್ತಿನಲ್ಲಿಯೇ ಎದ್ದು ನಿಲ್ಲುವುದನ್ನು ನೋಡಿದವರು ಮಂತ್ರವೆಂದೇ ಭಾವಿಸುವರು.

ಎರಡು ಎಚ್ಚರಿಕೆಗಳನ್ನು ಮಾತ್ರ ಮರೆಯಕೂಡದು. ಈ ಮದ್ದನ್ನು ರಕ್ತನಾಳಕ್ಕೆ ಅವಸರದಿಂದ ಹರಿಸಿದರೆ, ರಿಂಗರನ ಕಪ್ಪೆಗೆ ಆದಂತೆಯೇ ಹಸುವಿನ ಹೃದಯವೂ ಬಿಗಿದು ನಿಲ್ಲಬಹುದು. ಆದುದರಿಂದಲೇ ಬಲ್ಲ ಪಶುವೈದ್ಯರು ಹೃದಯದ ಬಡಿತವನ್ನು ಕೇಳುತ್ತ ಮೆಲ್ಲನೆ ಕೊಡುವರು. ಎರಡನೆಯದಾಗಿ, ಗಬ್ಬದ ಹಸುವಿಗೆ ಕೊನೆಯ ವಾರಗಳಲ್ಲಿ ಸುಣ್ಣದಂಶವನ್ನು ಅತಿಯಾಗಿ ತಿನ್ನಿಸುವುದು ಉಪಕಾರವಲ್ಲ. ಬೇಡದೆ ಬರುವ ಸುಣ್ಣದಿಂದ ಕೊರಳಿನ ಉಪಗ್ರಂಥಿಗಳು ನಿದ್ರಿಸುತ್ತವೆ. ಕರುಹಾಕಿದ ದಿನ ಉಗ್ರಾಣದ ಬೀಗವನ್ನು ತೆಗೆಯಲು ಅವು ಸಿದ್ಧವಾಗಿರುವುದಿಲ್ಲ. ಕರುಹಾಕುವ ಮುನ್ನ ಮಿತವಾಗಿ, ಹಾಕಿದ ಮೇಲೆ ಯಥೇಚ್ಛವಾಗಿ ಕೊಡುವುದೇ ಕ್ರಮ.

ಮನುಷ್ಯರ ಆಹಾರದ ವಿಷಯವಾಗಿಯೂ ಒಂದೆರಡು ಮಾತು ಹೇಳಬೇಕಾಗಿದೆ. ಕನಕದಾಸರು ರಾಮಧಾನ್ಯ ಚರಿತೆಯಲ್ಲಿ ರಾಗಿಗೂ ಭತ್ತಕ್ಕೂ ವಾದವನ್ನು ಹೂಡಿಸಿ ರಾಗಿಗೆ ಮನ್ನಣೆಯನ್ನು ಕೊಡಿಸಿದರು. ಸುಣ್ಣದಂಶದ ಮಟ್ಟಿಗೆ ಆ ತೀರ್ಪನ್ನು ರಸಾಯನಶಾಸ್ತ್ರವೂ ಎತ್ತಿಹಿಡಿದಿದೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಪಾಲಿಷ್ ಮಾಡಿದ ಅಕ್ಕಿಯಲ್ಲಿ ಹತ್ತು ಮಿಲಿಗ್ರಾಮಿನಷ್ಟು ಇದ್ದರೆ ಹೆಚ್ಚು. ರಾಗಿಯಲ್ಲಿರುವುದೆಲ್ಲವೂ ಮೈಗೆ ಹತ್ತುವುದಿಲ್ಲವೆಂಬುದು ನಿಜ; ಆದರೆ ರಾಗಿಯನ್ನು ಮೊಳೆಯಿಸಿ, ಒಣಗಿಸಿ, ಹುರಿದು, ಬೀಸಿ ಮಕ್ಕಳಿಗೆ ಸರಿಮಾಡಿ ಉಣಿಸುವ ನಮ್ಮ ಅಜ್ಜಿಯರ ಪದ್ಧತಿಯಿಂದ ಸುಣ್ಣವನ್ನು ಹಿಡಿದಿಡುವ ದ್ರವ್ಯಗಳು ಕಡಮೆಯಾಗಿ ಅದು ಮೈಗೂಡಲು ಅನುಕೂಲವಾಗುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯು 2020ರಲ್ಲಿ ನಿಗದಿಮಾಡಿದಂತೆ ವಯಸ್ಕರಿಗೆ ದಿನಕ್ಕೆ 1,000 ಮಿಲಿಗ್ರಾಂ, ಮೊಲೆಯೂಡುವ ತಾಯಿಗೆ 1,200 ಮಿಲಿಗ್ರಾಂ ಅವಶ್ಯಕ. ಕರುಹಾಕಿದ ಹಸುವಿಗೆ ತೌಡು ಹಿಂಡಿಗಳನ್ನು ಲೆಕ್ಕವಿಟ್ಟು ಕೊಡುವ ಮನೆಯಲ್ಲಿ, ಬಾಣಂತಿಗೆ ಪಥ್ಯದ ಹೆಸರಿನಿಂದ ಹಾಲನ್ನೂ ಸೊಪ್ಪನ್ನೂ ತಪ್ಪಿಸುವುದು ಎಷ್ಟರಮಟ್ಟಿಗೆ ನ್ಯಾಯವೆಂಬುದನ್ನು ಗೃಹಸ್ಥರು ಯೋಚಿಸಬೇಕು. ನಮ್ಮ ಜಿಲ್ಲೆಯ ಪಾವಗಡದ ಕಡೆ ಬಾವಿಗಳ ನೀರಿನಲ್ಲಿ ಫ್ಲೋರೈಡೆಂಬ ಲವಣವು ಮಿತಿಮೀರಿ ಬೆರೆತು ಜನರ ಹಲ್ಲು ಎಲುಬುಗಳನ್ನು ಕೆಡಿಸಿದೆ. ಸಾಮಾನ್ಯವಾಗಿ ಸುಣ್ಣದಂಶವು ಕಡಮೆಯಿರುವ ನೀರಿನಲ್ಲಿಯೇ ಫ್ಲೋರೈಡು ಹೆಚ್ಚಾಗಿ ನಿಲ್ಲುವುದು. ಆಹಾರದಲ್ಲಿಯೂ ಸುಣ್ಣವು ಸಾಲದಿದ್ದರೆ ಅದರ ಬಾಧೆಯು ಮತ್ತಷ್ಟು ಉಲ್ಬಣಿಸುತ್ತದೆ. ಹಂಡೆಯ ಹಕ್ಕಳೆಯನ್ನು ಶಪಿಸುವವರು ಇದನ್ನೂ ನೆನೆಯಬೇಕು.

ಈ ಚರಿತ್ರೆಯು ಪರದೇಶಗಳಲ್ಲಿ ಆರಂಭವಾದರೂ ಅಲ್ಲಿಯೇ ಮುಗಿದಿಲ್ಲ. ಜೀವಕಣದೊಳಗೂ ಕ್ಯಾಲ್ಸಿಯಮ್ಮಿನ ಒಂದು ಗುಪ್ತವಾದ ಕೋಠಿಯಿದೆ. ಅದರ ಬಾಗಿಲಾಗಿರುವ ದ್ರವ್ಯದ ಜೀನನ್ನು ಹಣ್ಣಿನ ನೊಣದಲ್ಲಿ ಗುರುತಿಸಿ 1992ರಲ್ಲಿ ಪ್ರಕಟಿಸಿದವರಲ್ಲಿ ಗೈತಿ ಹಸನ್ ಅವರು ಒಬ್ಬರು. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಅವರೂ ಅವರ ಶಿಷ್ಯರೂ ನಡೆಸಿದ ಪರೀಕ್ಷೆಗಳಿಂದ, ಆ ಬಾಗಿಲು ಕೆಟ್ಟ ನೊಣಗಳು ಹಾರುವ ಶಕ್ತಿಯನ್ನೇ ಕಳೆದುಕೊಳ್ಳುವುವೆಂದೂ, ದೋಷವು ನರಗಳಲ್ಲಿದೆಯೆಂದೂ 2004ರಲ್ಲಿ ತಿಳಿದುಬಂದಿತು. ನರಗಳ ವ್ಯಾಧಿಗಳನ್ನು ಅರಿಯುವುದಕ್ಕೆ ಇಂಥ ಶೋಧನೆಗಳೇ ಮೆಟ್ಟಿಲು.

1918ರ ಸುಮಾರಿನಲ್ಲಿ, ತುಮಕೂರಿನ ಸಮೀಪದ ಬೆಳ್ಳಾವೆಯ ಹೆಸರನ್ನು ಹೊತ್ತ ವೆಂಕಟನಾರಣಪ್ಪನವರು, ನಂಗಪುರಂ ವೆಂಕಟೇಶಯ್ಯಂಗಾರ್ಯರೊಡನೆ ಕೂಡಿ ‘ವಿಜ್ಞಾನ’ವೆಂಬ ಮಾಸಪತ್ರಿಕೆಯನ್ನು ಹೊರಡಿಸಿ, ಪ್ರಕೃತಿಶಾಸ್ತ್ರವನ್ನು ಕನ್ನಡದಲ್ಲಿ ಹೇಳಬಹುದೆಂಬುದನ್ನು ತೋರಿಸಿಕೊಟ್ಟರು. ಅವರ ಉದ್ದೇಶವು ಪಂಡಿತರನ್ನು ಮೆಚ್ಚಿಸುವುದಾಗಿರಲಿಲ್ಲ; ಶಾಸ್ತ್ರದ ತಿಳಿವಳಿಕೆಯು ಮನೆಯ ಒಲೆಯವರೆಗೆ, ಹಟ್ಟಿಯ ಗೊಂತಿನವರೆಗೆ ತಲಪಬೇಕೆಂಬುದಾಗಿತ್ತು. ಕರುಹಾಕಿ ಬಿದ್ದ ಹಸುವಿಗೆ ದೃಷ್ಟಿ ತಗುಲಿತೆಂದು ನಿವಾಳಿಸುತ್ತ ಕುಳಿತರೆ ಬೆಳಗಾಗುವುದರೊಳಗೆ ಅದು ಸಾಯಬಹುದು. ಕಾರಣವನ್ನು ಬಲ್ಲವನು ಆ ರಾತ್ರಿಯೇ ಪಶುವೈದ್ಯನ ಬಾಗಿಲನ್ನು ತಟ್ಟುವನು. ಎರಡು ಮನೆಗಳಿಗೂ ಇರುವ ಅಂತರವು ಐಶ್ವರ್ಯದ್ದಲ್ಲ, ತಿಳಿವಳಿಕೆಯದು. ಅದನ್ನು ಕನ್ನಡದಲ್ಲಿ ಓದಿದವರು ಓದದವರಿಗೆ ಹೇಳುವುದಾದರೆ ಆ ಅಂತರವು ಅಷ್ಟಷ್ಟಾಗಿ ಕಿರಿದಾಗುವುದು.